ಕಟ್ಟುವ ಮುನ್ನ ಕಾಣಿಸುವ ಕಟ್ಟಡ

ಮನೆ ಕಟ್ಟಿಸಿದ ಎಲ್ಲರಿಗೂ ಈ ಅನುಭವ ಆಗಿರುತ್ತದೆ. ಎಂಜಿನಿಯರ್ ಮೇಜಿನ ಮೇಲೆ ದೊಡ್ಡದೊಂದು ಹಾಳೆ ಹರಡುತ್ತಾರೆ. ಗೆರೆಗಳು, ಅಂಕಿಗಳು, ಬಾಗಿಲಿರುವಲ್ಲಿ ಕಾಲುವೃತ್ತಗಳು. ಮನೆಯ ಯಜಮಾನರು ಅರ್ಥವಾದವರಂತೆ ತಲೆಯಾಡಿಸುತ್ತಾರೆ. ಮನೆಯಾಕೆ ಮಾತ್ರ ಧೈರ್ಯ ಮಾಡಿ, ‘ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆಯೇ?’ ಎಂದು ಕೇಳುತ್ತಾರೆ. ಎಂಜಿನಿಯರ್ ಹಾಳೆಯ ಮೇಲೆ ಬೆರಳಿಟ್ಟು ಏನೋ ವಿವರಿಸುತ್ತಾರೆ. ನಿಜವಾಗಿ ಎಲ್ಲರಿಗೂ ವಿಷಯ ತಿಳಿಯುವುದು ಮೇಸ್ತ್ರಿ ನಿವೇಶನಕ್ಕೆ ಬಂದು, ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಲ್ಲಿ ಪಾಯದ ಗುರುತು ಹಾಕಿದ ದಿನ. ‘ಅಯ್ಯೋ, ನಡುಮನೆ ಇಷ್ಟೇನಾ?’ ಎಂಬ ಉದ್ಗಾರ ಆಗ ಹೊರಡುತ್ತದೆ.

ಕಾಗದದ ಮೇಲಿನ ಗೆರೆ ಮತ್ತು ನೆಲದ ಮೇಲಿನ ಗೆರೆ ಎರಡೂ ಒಂದೇ ಮನೆಯನ್ನು ತೋರಿಸುತ್ತವೆ. ಆದರೂ ಒಂದನ್ನು ನೋಡಿದಾಗ ಆಗದ ಗಾಬರಿ ಇನ್ನೊಂದನ್ನು ನೋಡಿದಾಗ ಆಗುತ್ತದೆ. ಇನ್ನೂ ಇಲ್ಲದ ಕಟ್ಟಡವನ್ನು ಇನ್ನೊಬ್ಬರಿಗೆ ತೋರಿಸುವುದು ಹೇಗೆ? ಕಟ್ಟಡ ಕಲೆಯಷ್ಟೇ ಹಳೆಯದಾದ ಈ ಪ್ರಶ್ನೆಗೆ ಮನುಷ್ಯ ಬಂಡೆಯ ಮೇಲೆ, ಮರದಲ್ಲಿ, ಇಟ್ಟಿಗೆಯಲ್ಲಿ, ಕಾಗದದಲ್ಲಿ, ಈಗ ಕಂಪ್ಯೂಟರಿನ ಪರದೆಯಲ್ಲಿ ಉತ್ತರ ಹುಡುಕುತ್ತಾ ಬಂದಿದ್ದಾನೆ. ಪ್ರತಿಯೊಂದು ಉತ್ತರವೂ ಒಂದಿಷ್ಟನ್ನು ತೋರಿಸಿ ಮತ್ತೊಂದಿಷ್ಟನ್ನು ಮರೆಮಾಡುತ್ತದೆ. ಏನನ್ನು ತೋರಿಸಬೇಕು, ಏನನ್ನು ಮರೆಮಾಡಬೇಕು ಎಂಬುದು ನೋಡುವವನು ಯಾರು ಎಂಬುದನ್ನು ಅವಲಂಬಿಸಿದೆ. ದೊರೆಗೆ ತೋರಿಸುವ ರೀತಿ ಒಂದು, ಕಲ್ಲುಕುಟಿಗನಿಗೆ ತೋರಿಸುವ ರೀತಿ ಮತ್ತೊಂದು, ಊರಿನ ಜನರಿಗೆ ತೋರಿಸುವ ರೀತಿ ಮಗದೊಂದು. ಈ ಮೂರರ ನಡುವಿನ ವ್ಯತ್ಯಾಸದಲ್ಲಿ ಎಷ್ಟೋ ದೊಡ್ಡ ಇಮಾರತುಗಳ ಹಣೆಬರಹವೇ ಬದಲಾಗಿದೆ.

ಬಂಡೆಯೇ ಹಾಳೆ

ಮಧ್ಯಪ್ರದೇಶದ ಭೋಪಾಲದ ಸಮೀಪ ಭೋಜಪುರ ಎಂಬ ಊರಿದೆ. ಅಲ್ಲಿ 11ನೇ ಶತಮಾನದ ಪರಮಾರ ದೊರೆ ಭೋಜನ ಹೆಸರಿನೊಂದಿಗೆ ಸೇರಿಹೋಗಿರುವ, ಅರ್ಧಕ್ಕೇ ನಿಂತುಹೋದ ಒಂದು ಭಾರಿ ಶಿವಾಲಯವಿದೆ. ಗುಡಿಗಿಂತಲೂ ಕುತೂಹಲದ ಸಂಗತಿ ಅದರ ಸುತ್ತಲಿನ ಬಂಡೆಗಳಲ್ಲಿದೆ. ಕಲ್ಲು ತೆಗೆದ ಜಾಗದ ಹಾಸುಬಂಡೆಗಳ ಮೇಲೆಯೇ ತಳವಿನ್ಯಾಸ, ಕಂಬ, ಅಧಿಷ್ಠಾನದ ಪಟ್ಟಿಕೆ, ಶಿಖರ ಇವುಗಳ ರೇಖಾಚಿತ್ರಗಳನ್ನು ಕೊರೆದಿಟ್ಟಿದ್ದಾರೆ. ಕಲ್ಲುಗಳನ್ನು ಮೇಲೇರಿಸಲು ಹಾಕಿದ್ದ ಮಣ್ಣಿನ ಇಳಿಜಾರೂ ಅಲ್ಲೇ ಉಳಿದಿದೆ. ಕೆಲಸ ಮುಗಿದಿದ್ದರೆ ಪ್ರಾಯಶಃ ಇವೆಲ್ಲ ಅಳಿಸಿಹೋಗುತ್ತಿದ್ದವು. ನಿಂತುಹೋದದ್ದರಿಂದ, ಕಟ್ಟುವವರು ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳುತ್ತಿದ್ದರು ಎಂಬುದು ಸಾವಿರ ವರ್ಷಗಳ ನಂತರ ನಮಗೆ ತಿಳಿಯುವಂತಾಯಿತು.

ಭೋಜಪುರದ ಗೆರೆಗಳು ದೊರೆಯನ್ನು ಮೆಚ್ಚಿಸಲು ಬರೆದವಲ್ಲ. ಅವು ಕೆಲಸಗಾರರಿಗೆ ಕೊಟ್ಟ ಅಳತೆಗಳು. ಅವುಗಳಲ್ಲಿ ನೆರಳಿಲ್ಲ, ಬಣ್ಣವಿಲ್ಲ, ಸುತ್ತ ನಿಂತ ಮರಗಳಿಲ್ಲ. ಕಲ್ಲನ್ನು ಎಲ್ಲಿ ಕಡಿಯಬೇಕು, ಎಷ್ಟು ಕಡಿಯಬೇಕು ಎಂಬುದಷ್ಟೇ ಇದೆ. ನಮ್ಮಲ್ಲಿ ಮುಖ್ಯ ಸ್ಥಪತಿಗೆ ‘ಸೂತ್ರಧಾರಿ’ ಎಂಬ ಹೆಸರಿತ್ತು. ಸೂತ್ರ ಎಂದರೆ ದಾರ. ದಾರ ಹಿಡಿದು ಗೆರೆ ಹಾಕುವವನೇ ಯಜಮಾನ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕನ್ನಡ ಶಾಸನಗಳು ಅಂಥ ಒಬ್ಬನನ್ನು, ಗುಂಡ ಅನಿವಾರಿತಾಚಾರಿಯನ್ನು, ಹೆಸರಿಟ್ಟು ಗೌರವಿಸುತ್ತವೆ. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಆತನ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು.

ಹಾಗಾದರೆ ರಾಣಿಗೆ ಗುಡಿಯ ರೂಪವನ್ನು ತೋರಿಸುವುದು ಹೇಗಿದ್ದೀತು? ಆ ಕಾಲದಲ್ಲಿ ಇದಕ್ಕೆ ಸುಲಭದ ಒಂದು ದಾರಿಯಿತ್ತು: ಆಗಲೇ ಕಟ್ಟಿ ಮುಗಿದ ಗುಡಿಯನ್ನೇ ತೋರಿಸುವುದು. ಕಂಚಿಯ ಕೈಲಾಸನಾಥ ದೇವಾಲಯಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷಕ್ಕೂ, ಮುಂದೆ ರಾಷ್ಟ್ರಕೂಟರ ಕಾಲದ ಎಲ್ಲೋರದ ಕೈಲಾಸಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಒಂದು ಗುಡಿ ಇನ್ನೊಂದಕ್ಕೆ ಮಾದರಿ. ಲಕ್ಕುಂಡಿಯಂಥ ಕಡೆಗಳಲ್ಲಿ ಗೋಡೆಯ ಮೇಲೆ ಉಬ್ಬುಗೆತ್ತನೆಯಲ್ಲಿ ಕಾಣುವ ಕಿರುಗುಡಿಗಳನ್ನು ಗಮನಿಸಿ. ಬೇರೆ ಬೇರೆ ಬಗೆಯ ಶಿಖರಗಳನ್ನು ಅಂಗೈ ಅಗಲದ ಜಾಗದಲ್ಲಿ ತೋರಿಸಿರುವ ಅವು ಅಲಂಕಾರವೂ ಹೌದು, ಶಿಲ್ಪಿಗಳು ಬಲ್ಲ ಮಾದರಿಗಳ ಪಟ್ಟಿಯಂತೆಯೂ ಕಾಣುತ್ತವೆ.

ಪರಂಪರೆಯೊಳಗೆ ಕಟ್ಟುವವನಿಗೆ ಈ ಪದ್ಧತಿ ಸಾಕು. ಹಿಂದೆಂದೂ ಯಾರೂ ನೋಡದ ರೂಪವೊಂದನ್ನು ಕಟ್ಟಲು ಹೊರಟವನಿಗೆ ಸಾಲದು. ಆತ ನಂಬದವರನ್ನು ನಂಬಿಸಬೇಕು. ಈ ತೊಂದರೆ ಎದ್ದುಕಂಡದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ.

ಗೆಡ್ಡೆಯಲ್ಲಿ ಕೆತ್ತಿದ ಗುಮ್ಮಟ

ಫ್ಲಾರೆನ್ಸಿನವರು ತಮ್ಮ ಮಹಾಚರ್ಚಿಗೆ ಎಂಥ ಗುಮ್ಮಟ ಬೇಕೆಂದು 1367ರಲ್ಲೇ ತೀರ್ಮಾನಿಸಿದ್ದರು. ಇಟ್ಟಿಗೆಯಲ್ಲಿ ದೊಡ್ಡದೊಂದು ಮಾದರಿ ಕಟ್ಟಿ, ನಾಗರಿಕರ ಒಪ್ಪಿಗೆ ಪಡೆದು, ಉಸ್ತುವಾರಿಗೆ ನೇಮಕವಾದವರು ಆ ಮಾದರಿಯಂತೆಯೇ ಕಟ್ಟಿಸುತ್ತೇವೆಂದು ಪ್ರಮಾಣ ಮಾಡುತ್ತಿದ್ದರು. ಆದರೆ ಸುಮಾರು 140 ಅಡಿ ಅಗಲದ ಆ ಬಯಲನ್ನು ಮುಚ್ಚುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ! ಮಾದರಿ ಗುಮ್ಮಟದ ಆಕಾರವನ್ನು ತೋರಿಸುತ್ತಿತ್ತು, ಕಟ್ಟುವ ಉಪಾಯವನ್ನು ತೋರಿಸುತ್ತಿರಲಿಲ್ಲ. ಐವತ್ತು ವರ್ಷ ಊರು ಈ ವಾಗ್ದಾನದ ಕೆಳಗೆ ಕಾದು ಕುಳಿತಿತ್ತು.

1418ರ ಆಗಸ್ಟ್‌ನಲ್ಲಿ ಸ್ಪರ್ಧೆಯ ಪ್ರಕಟಣೆ ಹೊರಟಿತು. ಗುಮ್ಮಟಕ್ಕೆ ಮಾದರಿ ತಂದು ಗೆದ್ದವರಿಗೆ 200 ಚಿನ್ನದ ಫ್ಲಾರಿನ್ ಬಹುಮಾನ. ಅಷ್ಟು ಅಗಲಕ್ಕೆ ಕೆಳಗಿನಿಂದ ಮರದ ಆಸರೆ ಕೊಡಬೇಕಾದರೆ ಕಾಡಿಗೆ ಕಾಡೇ ಬೇಕಾಗುತ್ತಿತ್ತು. ಅಕ್ಕಸಾಲಿಗನಾಗಿ ಕಸಬು ಕಲಿತಿದ್ದ ಫಿಲಿಪ್ಪೊ ಬ್ರುನೆಲ್ಲೆಸ್ಕಿ ಆಸರೆಯೇ ಬೇಡವೆಂದ. ಬಾಯಲ್ಲಿ ಹೇಳಿದ್ದಿದ್ದರೆ ನಗುತ್ತಿದ್ದರು. ಆತ ಇಟ್ಟಿಗೆ ಮತ್ತು ಗಾರೆಯಲ್ಲಿ ದೊಡ್ಡ ಮಾದರಿಯನ್ನು ಕಟ್ಟಿಸಿದ, ಅದನ್ನು ಆಸರೆಯಿಲ್ಲದೆಯೇ ಕಟ್ಟಿಸಿದ. ಈ ಕೆಲಸದಲ್ಲಿ ನೆರವಾದವರಲ್ಲಿ ಶಿಲ್ಪಿ ದೊನಾತೆಲ್ಲೊ ಕೂಡ ಒಬ್ಬ. ಹಳೆಯ ಮಾದರಿ ಗುಮ್ಮಟದ ಚಿತ್ರವಾಗಿತ್ತು. ಬ್ರುನೆಲ್ಲೆಸ್ಕಿಯದು ಪುರಾವೆಯಾಗಿತ್ತು. 1420ರಲ್ಲಿ ಆರಂಭವಾದ ಗುಮ್ಮಟದ ಕೆಲಸ 1436ರಲ್ಲಿ ಮುಗಿಯಿತು. ಅದು ಇಂದಿಗೂ ನಿಂತಿದೆ.

ಆತನ ಜೀವನ ಚರಿತ್ರೆ ಬರೆದ ಮನೆತ್ತಿ ಇನ್ನೆರಡು ವಿಷಯ ಹೇಳುತ್ತಾನೆ. ಕೆಲಸಗಾರರಿಗೆ ಕಲ್ಲಿನ ಜೋಡಣೆಯನ್ನು ವಿವರಿಸಲು ಬ್ರುನೆಲ್ಲೆಸ್ಕಿ ಪೇಟೆಯಿಂದ ಟರ್ನಿಪ್ ತರಿಸಿ ಅದರಲ್ಲಿ ಕೆತ್ತಿ ತೋರಿಸುತ್ತಿದ್ದನಂತೆ. ನಮ್ಮ ನವಿಲುಕೋಸಿನಂತೆ ದುಂಡಗಿರುವ ಗೆಡ್ಡೆ ಅದು. ಅಳತೆಯ ಹಾಳೆ ಓದಲು ಬಾರದ ಕಲ್ಲುಕುಟಿಗನಿಗೆ ಗೆಡ್ಡೆಯ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಸಾಕಾಗುತ್ತಿತ್ತು. ಎರಡನೆಯ ಸಂಗತಿ ಇನ್ನೂ ಸ್ವಾರಸ್ಯದ್ದು. ಬೇರೆಯವರಿಗೆ ತೋರಿಸುವ ಮಾದರಿಗಳಲ್ಲಿ ಆತ ಮುಖ್ಯ ಗೋಡೆಗಳನ್ನಷ್ಟೇ ತೋರಿಸಿ ಉಳಿದ ವಿವರಗಳನ್ನು ಬಿಟ್ಟುಬಿಡುತ್ತಿದ್ದ. ಎಲ್ಲವನ್ನೂ ತೋರಿಸಿದರೆ ಇನ್ನೊಬ್ಬ ಕದ್ದಾನು! ಮಾದರಿ ತೋರಿಸುವ ಕಲೆಯ ಜೊತೆಯಲ್ಲೇ ಬಚ್ಚಿಡುವ ಕಲೆಯೂ ಹುಟ್ಟಿತು ಎನ್ನಬೇಕು.

ಇದಾಗಿ ಕೆಲವೇ ದಶಕಗಳಲ್ಲಿ, ಅದೇ ಶತಮಾನದ ನಡುಭಾಗದಲ್ಲಿ, ಆಲ್ಬರ್ತಿ ಎಂಬ ಪಂಡಿತ ಕಟ್ಟಡ ಕಲೆಯ ಬಗ್ಗೆ ಲ್ಯಾಟಿನ್ನಿನಲ್ಲಿ ದೊಡ್ಡ ಗ್ರಂಥ ಬರೆದ. ಮಾದರಿಗಳು ಸಾದಾ ಆಗಿರಬೇಕು ಎಂಬುದು ಆತನ ಖಂಡಿತವಾದ ಅಭಿಪ್ರಾಯ. ಬಣ್ಣ ಬಳಿದು ಥಳಕು ಮಾಡಿದ ಮಾದರಿ ತರುವವನು ನೋಡುವವರ ಕಣ್ಣನ್ನು ಕಟ್ಟಿಹಾಕಿ, ಪರಿಶೀಲಿಸಬೇಕಾದ ಸಂಗತಿಯಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತಾನೆ ಎಂದು ಆತ ಎಚ್ಚರಿಸಿದ. ನೆರಳು ಹಾಕಿ, ದೂರವಾದಂತೆ ಗೆರೆಗಳನ್ನು ಕಿರಿದು ಮಾಡಿ ಬರೆಯುವುದು ಚಿತ್ರಕಾರನ ಕೆಲಸ, ನಿಜವಾದ ಅಳತೆ ಕೊಡುವುದು ವಾಸ್ತುಶಿಲ್ಪಿಯ ಕೆಲಸ ಎಂದೂ ಹೇಳಿದ. ಐದೂವರೆ ಶತಮಾನ ದಾಟಿದರೂ ಈ ಮಾತಿನ ಕಾವು ಆರಿಲ್ಲ.

ರೆನ್ನನ ದೊಡ್ಡ ಮಾದರಿ

ಮಾದರಿ ತೋರಿಸಿ ಗೆದ್ದವನ ಕತೆ ಬ್ರುನೆಲ್ಲೆಸ್ಕಿಯದಾದರೆ, ತೋರಿಸಿ ಸೋತವನ ಕತೆ ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ನನದು. 1666ರ ಮಹಾ ಬೆಂಕಿಯಲ್ಲಿ ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಚರ್ಚು ಹಾಳಾಯಿತು. ಹೊಸದನ್ನು ಕಟ್ಟುವ ಹೊಣೆ ರೆನ್ನನ ಮೇಲೆ ಬಿತ್ತು. 1673–74ರಲ್ಲಿ ಆತ ಮರ ಮತ್ತು ಗಾರೆಯಲ್ಲಿ ಒಂದು ಮಾದರಿ ಮಾಡಿಸಿದ. ಉದ್ದ ಸುಮಾರು 20 ಅಡಿ, ಎತ್ತರ ಸುಮಾರು 13 ಅಡಿ. ಖರ್ಚು ಸುಮಾರು 600 ಪೌಂಡು. ಆ ಕಾಲಕ್ಕೆ ಲಂಡನ್ನಿನಲ್ಲಿ ಒಳ್ಳೆಯ ಮನೆಯನ್ನೇ ಕೊಳ್ಳಬಹುದಾದ ಹಣ. ಒಳಗೆ ಹೋಗಿ ನಿಂತು ತಲೆಯೆತ್ತಿ ಗುಮ್ಮಟವನ್ನು ನೋಡುವಷ್ಟು ದೊಡ್ಡದಾಗಿದ್ದ ಅದನ್ನು ‘ದೊಡ್ಡ ಮಾದರಿ’ ಎಂದೇ ಕರೆಯುತ್ತಾರೆ.

ದೊರೆ ಎರಡನೆಯ ಚಾರ್ಲ್ಸ್ ಮೆಚ್ಚಿದ. ಪಾದ್ರಿಗಳು ಒಪ್ಪಲಿಲ್ಲ. ಚರ್ಚೆಂದರೆ ಉದ್ದನೆಯ ಹಜಾರವಿರಬೇಕು, ಮೆರವಣಿಗೆಗೆ ಜಾಗವಿರಬೇಕು ಎಂಬುದು ಅವರ ವಾದ. ನಾಲ್ಕೂ ಕಡೆ ಹೆಚ್ಚುಕಡಿಮೆ ಸಮನಾಗಿ ಚಾಚಿದ, ನಡುವೆ ಗುಮ್ಮಟವಿದ್ದ ಈ ವಿನ್ಯಾಸ ಅವರಿಗೆ ಪರಕೀಯವಾಗಿ ಕಂಡಿತು. ಇನ್ನೊಂದು ಅಡಚಣೆಯೂ ಇತ್ತು. ಉದ್ದನೆಯ ಚರ್ಚಾದರೆ ಒಂದು ತುದಿಯನ್ನು ಮೊದಲು ಕಟ್ಟಿ ಪೂಜೆ ಆರಂಭಿಸಬಹುದು. ಈ ವಿನ್ಯಾಸವನ್ನು ಹಾಗೆ ಕಂತಿನಲ್ಲಿ ಕಟ್ಟುವುದು ಕಷ್ಟ. ಮಾದರಿ ಅಷ್ಟು ಸ್ಪಷ್ಟವಾಗಿದ್ದುದೇ ಅದಕ್ಕೆ ಮುಳುವಾಯಿತು. ನೋಡಿದವರೆಲ್ಲರಿಗೂ ತಮಗೆ ಬೇಡವಾದದ್ದು ಏನೆಂದು ಚೆನ್ನಾಗಿ ತಿಳಿಯಿತು.

ರೆನ್ ಪಾಠ ಕಲಿತ. 1675ರಲ್ಲಿ ಹಳೆಯ ಪದ್ಧತಿಯ ಹಜಾರ, ವಿಚಿತ್ರವಾದ ಗೋಪುರ ಇದ್ದ ಮತ್ತೊಂದು ನಕ್ಷೆ ಕೊಟ್ಟು ರಾಜಾಜ್ಞೆ ಪಡೆದುಕೊಂಡ. ಕೆಲಸ ನಡೆದಂತೆ ಅಲ್ಲಲ್ಲಿ ಬದಲಾವಣೆ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಆತನಿಗೆ ಸಿಕ್ಕಿತು. ಆ ಸ್ವಾತಂತ್ರ್ಯವನ್ನು ಆತ ಧಾರಾಳವಾಗಿಯೇ ಬಳಸಿಕೊಂಡ. ಇವತ್ತು ಲಂಡನ್ನಿನಲ್ಲಿ ಕಾಣುವ ಚರ್ಚಿಗೂ ದೊರೆ ಮುದ್ರೆ ಒತ್ತಿದ ನಕ್ಷೆಗೂ ಬಹಳ ವ್ಯತ್ಯಾಸವಿದೆ. ಇನ್ನು ಮುಂದೆ ಮಾದರಿ ಮಾಡುವುದಿಲ್ಲ, ನಕ್ಷೆಗಳನ್ನು ಎಲ್ಲರ ಮುಂದೆ ಇಡುವುದಿಲ್ಲ, ಅದರಿಂದ ಕಾಲಹರಣ ಮತ್ತು ತಿಳಿಯದವರ ತೀರ್ಪಷ್ಟೇ ಲಾಭ ಎಂದು ಆತ ನಿಶ್ಚಯಿಸಿದನೆಂದು ಆ ಮನೆತನದವರೇ ಪ್ರಕಟಿಸಿದ ಗ್ರಂಥ ಹೇಳುತ್ತದೆ. ಸುಮಾರು 35 ವರ್ಷಗಳಲ್ಲಿ ಚರ್ಚು ಮುಗಿಯಿತು. ತಿರಸ್ಕೃತವಾದ ದೊಡ್ಡ ಮಾದರಿಯನ್ನು ಇಂದಿಗೂ ಅದೇ ಚರ್ಚಿನಲ್ಲಿ ಕಾಪಾಡಿದ್ದಾರೆ.

ಇಲ್ಲಿ ಯಾರ ಪಕ್ಷ ವಹಿಸಬೇಕು? ರೆನ್ನನ ಗುಟ್ಟಿನಿಂದ ಜಗತ್ತಿಗೆ ಒಂದು ಸುಂದರ ಕಟ್ಟಡ ಸಿಕ್ಕಿತು ಎಂಬುದು ನಿಜ. ಆದರೆ ಹಣ ಕೊಟ್ಟವರೂ ಬಳಸುವವರೂ ಒಪ್ಪಿದ್ದು ಒಂದು, ಅವರಿಗೆ ದಕ್ಕಿದ್ದು ಇನ್ನೊಂದು ಎಂಬುದೂ ನಿಜ. ಕಟ್ಟುವವನು ರೆನ್ ಆಗಿದ್ದಾಗ ಇದು ಜಾಣತನವೆನಿಸುತ್ತದೆ. ಎಲ್ಲರೂ ರೆನ್ ಆಗಿರುವುದಿಲ್ಲ.

ಮಡಿಕೆ ಎತ್ತಿ ನೋಡಿ

ಮಾದರಿ ದುಬಾರಿ, ಹೊತ್ತೊಯ್ಯಲು ಕಷ್ಟ. ಕಾಗದ ಅಗ್ಗವಾದಂತೆ ನಕ್ಷೆಯ ಪ್ರಾಬಲ್ಯ ಹೆಚ್ಚಿತು. ಮೇಲಿನಿಂದ ನೋಡಿದ ತಳವಿನ್ಯಾಸ, ಎದುರಿನಿಂದ ನೋಡಿದ ಮುಖನೋಟ, ಕಟ್ಟಡವನ್ನು ಕಡುಬಿನಂತೆ ಕೊಯ್ದು ಒಳಗನ್ನು ತೋರಿಸುವ ಸೀಳುನೋಟ ಎಂಬ ಮೂರು ಬಗೆಯ ಹಾಳೆಗಳ ಪದ್ಧತಿ 16ನೇ ಶತಮಾನದ ಆರಂಭದಲ್ಲಿ ಇಟಲಿಯಲ್ಲಿ ಸ್ಪಷ್ಟ ರೂಪ ಪಡೆಯಿತು. ಚಿತ್ರಕಾರ ರಾಫೆಲ್ ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದಲ್ಲಿ ಈ ವಿಂಗಡಣೆಯಿದೆ. ಮೂರೂ ಸೇರಿದರೆ ಕಟ್ಟಡದ ಅಳತೆಯೆಲ್ಲ ಸಿಗುತ್ತದೆ. ಆದರೆ ಮೂರನ್ನೂ ಮನಸ್ಸಿನಲ್ಲಿ ಜೋಡಿಸಿ ಒಂದು ಕಟ್ಟಡವನ್ನಾಗಿ ಕಾಣುವ ಶಕ್ತಿ ಅಭ್ಯಾಸ ಇದ್ದವರಿಗೆ ಮಾತ್ರ ಬರುತ್ತದೆ. ಹೀಗಾಗಿ ಅಳತೆಯ ನಕ್ಷೆ ಕಸಬುದಾರರ ಭಾಷೆಯಾಯಿತು, ಹಣ ಹಾಕುವವನಿಗೆ ಚಿತ್ರವೇ ಬೇಕಾಯಿತು.

ಈ ಅಗತ್ಯವನ್ನು ಚೆನ್ನಾಗಿ ಅರಿತವನು ಇಂಗ್ಲೆಂಡಿನ ಹಂಫ್ರಿ ರೆಪ್ಟನ್. ವ್ಯಾಪಾರದಲ್ಲಿ ಕೈಸುಟ್ಟುಕೊಂಡು, 1788ರಲ್ಲಿ ಸಿರಿವಂತರ ಎಸ್ಟೇಟುಗಳ ಉದ್ಯಾನ ರೂಪಿಸುವ ವೃತ್ತಿಗೆ ಇಳಿದವನು ಆತ. ಪ್ರತಿ ಗಿರಾಕಿಗೂ ಕೆಂಪು ಚರ್ಮದ ಹೊದಿಕೆಯ ಒಂದು ಪುಸ್ತಕ ಮಾಡಿಕೊಡುತ್ತಿದ್ದ. ‘ಕೆಂಪು ಪುಸ್ತಕ’ಗಳೆಂದೇ ಅವು ಪ್ರಸಿದ್ಧ. ಅದರಲ್ಲಿ ಗಿರಾಕಿಯ ಜಮೀನಿನ ಈಗಿನ ಸ್ಥಿತಿಯ ಬಣ್ಣದ ಚಿತ್ರವಿರುತ್ತಿತ್ತು. ಚಿತ್ರದ ಮೇಲೆ ಅಂಟಿಸಿದ ಕಾಗದದ ಮಡಿಕೆಯನ್ನು ಎತ್ತಿದರೆ ಬೇಲಿ ಮಾಯವಾಗಿ ಕೆರೆ ಮೂಡುತ್ತಿತ್ತು, ಬೋಳುಗುಡ್ಡದ ಮೇಲೆ ಮರಗಳು ಎದ್ದು ನಿಲ್ಲುತ್ತಿದ್ದವು. ‘ಮೊದಲು–ನಂತರ’ ಎಂಬ ಇಂದಿನ ಜಾಹೀರಾತಿನ ತಂತ್ರದ ಅಜ್ಜ ಇದು. 1818ರಲ್ಲಿ ಸಾಯುವವರೆಗೆ ಆತ ನೂರಾರು ಎಸ್ಟೇಟುಗಳಿಗೆ ಸಲಹೆ ಕೊಟ್ಟ. ಎಷ್ಟೋ ಗಿರಾಕಿಗಳು ಪುಸ್ತಕವನ್ನು ಮನೆಯಲ್ಲಿಟ್ಟು ಬಂದವರಿಗೆ ತೋರಿಸಿ ಸಂತೋಷಪಟ್ಟರೇ ಹೊರತು ಅದರಲ್ಲಿದ್ದುದನ್ನು ಪೂರ್ತಿ ಮಾಡಿಸಲಿಲ್ಲ. ಚಿತ್ರವೇ ಅಷ್ಟು ಚೆನ್ನಾಗಿದ್ದರೆ ಕೆರೆ ತೋಡಿಸುವ ಖರ್ಚೇಕೆ?

ರೈಸಿನಾ ಗುಡ್ಡದ ಏರು

ಚಿತ್ರ ಗಿರಾಕಿಯನ್ನು ಮರುಳು ಮಾಡುವುದು ಹೊಸತೇನಲ್ಲ. ವಾಸ್ತುಶಿಲ್ಪಿಯೇ ಮೋಸಹೋದ ಪ್ರಸಂಗವೊಂದು ನಮ್ಮ ದೆಹಲಿಯಲ್ಲೇ ನಡೆದಿದೆ. 1911ರಲ್ಲಿ ರಾಜಧಾನಿಯನ್ನು ಕಲ್ಕತ್ತದಿಂದ ದೆಹಲಿಗೆ ಸಾಗಿಸುವ ಘೋಷಣೆಯಾದ ಮೇಲೆ ವೈಸರಾಯ್ ಭವನದ ಕೆಲಸ ಎಡ್ವಿನ್ ಲುಟ್ಯೆನ್ಸ್‌ಗೂ ಅದರ ಎದುರಿನ ಎರಡು ಸಚಿವಾಲಯಗಳ ಕೆಲಸ ಹರ್ಬರ್ಟ್ ಬೇಕರ್‌ಗೂ ಬಂತು. ರೈಸಿನಾ ಗುಡ್ಡದ ಮೇಲೆ ಮೂರು ಕಟ್ಟಡಗಳೂ ಒಟ್ಟಿಗೆ ನಿಲ್ಲಬೇಕು. ಎರಡು ಸಚಿವಾಲಯಗಳ ನಡುವೆ ಗುಡ್ಡ ಹತ್ತುವ ರಸ್ತೆಯ ಏರು ಎಷ್ಟಿರಬೇಕು ಎಂಬ ಒಪ್ಪಂದಕ್ಕೆ 1913ರಲ್ಲಿ ಇಬ್ಬರೂ ಸಹಿ ಮಾಡಿದರು.

1914ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಹೊಸ ದೆಹಲಿಯ ಚಿತ್ರಗಳ ಪ್ರದರ್ಶನವಾಯಿತು. ಅವನ್ನು ಬರೆದವನು ವಿಲಿಯಂ ವಾಲ್ಕಾಟ್ ಎಂಬ ಪ್ರಸಿದ್ಧ ಚಿತ್ರಕಾರ. ಚಿತ್ರದಲ್ಲಿ ವೈಸರಾಯ್ ಭವನ ದೂರದಿಂದಲೇ ಭವ್ಯವಾಗಿ ಕಾಣುತ್ತಿತ್ತು. ಆದರೆ ಆ ನೋಟ ರಸ್ತೆಯಲ್ಲಿ ನಡೆದುಬರುವ ಮನುಷ್ಯನ ಕಣ್ಣಿನ ಮಟ್ಟದಿಂದ ಬರೆದದ್ದಾಗಿರಲಿಲ್ಲ. ನೆಲದಿಂದ ಬಹಳ ಎತ್ತರದಲ್ಲಿ, ಗಾಳಿಯಲ್ಲಿ ನಿಂತು ನೋಡಿದಂತೆ ಬರೆದದ್ದಾಗಿತ್ತು. 1916ರ ವೇಳೆಗೆ ಕೆಲಸ ಸಾಗುತ್ತಿದ್ದಂತೆ ಲುಟ್ಯೆನ್ಸ್‌ಗೆ ಸತ್ಯ ಗೊತ್ತಾಯಿತು. ನೇರ ರಸ್ತೆಯಲ್ಲಿ ಗುಡ್ಡದ ಬುಡಕ್ಕೆ ಬಂದಾಗ ರಸ್ತೆಯ ಏರೇ ಅಡ್ಡ ಬಂದು ಭವನ ಮರೆಯಾಗುತ್ತದೆ, ಗುಮ್ಮಟದ ತುದಿ ಮಾತ್ರ ಉಳಿಯುತ್ತದೆ!

ಏರನ್ನು ತಗ್ಗಿಸಬೇಕೆಂದು ಆತ ಹಟ ಹಿಡಿದ. ಬೇಕರ್ ಒಪ್ಪಲಿಲ್ಲ. ಹೊಸ ರಾಜಧಾನಿಯ ಉಸ್ತುವಾರಿ ಸಮಿತಿಯೂ ಖರ್ಚಿಗೆ ಹೆದರಿ ಕೈಚೆಲ್ಲಿತು. ಮೇಲಾಗಿ ಆತನ ಸಹಿಯೇ ಕಡತದಲ್ಲಿತ್ತು. ಇಬ್ಬರು ಹಳೆಯ ಸ್ನೇಹಿತರ ನಡುವೆ ವರ್ಷಗಟ್ಟಲೆ ಮಾತು ನಿಂತಿತು. ತನಗಾದದ್ದು ‘ಬೇಕರ್‌ಲೂ’ ಎಂದು ಲುಟ್ಯೆನ್ಸ್ ಹೇಳಿಕೊಳ್ಳುತ್ತಿದ್ದ. ಬೇಕರ್‌ಲೂ ಲಂಡನ್ನಿನ ಒಂದು ನೆಲದಡಿ ರೈಲುಮಾರ್ಗದ ಹೆಸರು. ನೆಪೋಲಿಯನ್ ಸೋತ ವಾಟರ್‌ಲೂವನ್ನೂ ತನ್ನನ್ನು ಸೋಲಿಸಿದ ಬೇಕರ್‌ನನ್ನೂ ಒಂದೇ ಮಾತಿನಲ್ಲಿ ಕಟ್ಟಿದ ಚಟಾಕಿ ಅದು. ಇಂದು ದೆಹಲಿಗೆ ಹೋದವರು ಕರ್ತವ್ಯಪಥದಿಂದ ವಿಜಯ ಚೌಕದತ್ತ ನಡೆಯುತ್ತಾ ರಾಷ್ಟ್ರಪತಿ ಭವನವನ್ನು ಗಮನಿಸಿದರೆ ಈ ಜಗಳದ ಫಲ ಕಣ್ಣಿಗೆ ಬೀಳುತ್ತದೆ. ಹತ್ತಿರವಾದಷ್ಟೂ ಭವನ ನೆಲದೊಳಗೆ ಇಳಿದಂತೆ ಕಾಣುತ್ತದೆ. ಅಳತೆಯ ಸೀಳುನೋಟವೊಂದನ್ನು ಬರೆದು ಕಣ್ಣಿನ ಮಟ್ಟದಿಂದ ಒಂದು ಗೆರೆ ಎಳೆದು ನೋಡಿದ್ದರೆ 1913ರಲ್ಲೇ ತಿಳಿಯಬಹುದಾಗಿದ್ದ ಸಂಗತಿ ಇದು.

ಸಿಡ್ನಿಯ ಹಾಯಿಗಳು

20ನೇ ಶತಮಾನದಲ್ಲಿ ತೋರಿಸುವ ರೀತಿಗಳು ಕಟ್ಟಳೆಗಳಾದವು. ಪ್ಯಾರಿಸ್ಸಿನ ಕಲಾಶಾಲೆಯ ಪದ್ಧತಿಯಂತೆ ಗೊತ್ತಾದ ವೇಳೆಯೊಳಗೆ ಹಾಳೆಗಳನ್ನು ತೀರ್ಪುಗಾರರ ಮುಂದೆ ಸಾಲಾಗಿ ತೂಗುಹಾಕುವುದು ವಾಡಿಕೆಯಾಯಿತು. ಅಲ್ಲಿ ಹಾಳೆಗಳನ್ನು ಸಂಗ್ರಹಿಸಲು ಬರುತ್ತಿದ್ದ ಕೈಗಾಡಿಗೆ ‘ಶರೆಟ್’ ಎಂದು ಹೆಸರು. ಗಡುವಿಗೆ ಮುಂಚಿನ ನಿದ್ದೆಗೆಟ್ಟ ದುಡಿಮೆಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ಇನ್ನೊಂದೆಡೆ, ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1842ರಲ್ಲಿ ಕಂಡುಹಿಡಿದಿದ್ದ ನೀಲಿ ಛಾಯಾಮುದ್ರಣ ಕಚೇರಿಗಳಿಗೆ ಬಂದು, ಒಂದೇ ನಕ್ಷೆಯ ಎಷ್ಟು ಪ್ರತಿ ಬೇಕಾದರೂ ತೆಗೆಯುವುದು ಸಾಧ್ಯವಾಗಿತ್ತು. ನೀಲಿ ಹಾಳೆಯ ಮೇಲೆ ಬಿಳಿ ಗೆರೆ. ಆ ಹಾಳೆಗಳು ಕಣ್ಮರೆಯಾದರೂ ‘ನೀಲನಕ್ಷೆ’ ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ರಾಜಕಾರಣಿಗಳ ಸಂಚಿಗೂ ಅದನ್ನೇ ಬಳಸುತ್ತೇವೆ!

ಸ್ಪರ್ಧೆಯ ಹಾಳೆಗಳ ಶಕ್ತಿ ಮತ್ತು ಅಪಾಯ ಎರಡನ್ನೂ ತೋರಿಸುವ ಉದಾಹರಣೆ ಆಸ್ಟ್ರೇಲಿಯದ ಸಿಡ್ನಿ ಅಪೆರಾ ಹೌಸ್. ಬಂದರಿನ ದಂಡೆಯಲ್ಲಿ ಸಂಗೀತ ಭವನ ಕಟ್ಟಲು ನಡೆಸಿದ ಸ್ಪರ್ಧೆಗೆ 233 ವಿನ್ಯಾಸಗಳು ಬಂದವು. 1957ರ ಜನವರಿಯಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಜಾನ್ ಗೆದ್ದರು. ಆಗ ಅವರಿಗೆ 38 ವರ್ಷ. ಅವರು ಕಳಿಸಿದ್ದು ಬಹುಮಟ್ಟಿಗೆ ಸರಳ ರೇಖಾಚಿತ್ರಗಳು. ನೀರಿನ ಮೇಲೆ ತೇಲುವ ಹಾಯಿಗಳಂತಿದ್ದ ಚಾವಣಿಯನ್ನು ನಿಲ್ಲಿಸುವುದು ಹೇಗೆಂಬ ಲೆಕ್ಕ ಅದರಲ್ಲಿರಲಿಲ್ಲ. ಜನರಿಗೆ ತೋರಿಸಲು ಸಾಕಷ್ಟು ಚಿತ್ರವೂ ಇಲ್ಲದ್ದರಿಂದ ತೀರ್ಪುಗಾರರು ಸ್ಥಳೀಯ ವಾಸ್ತುಶಿಲ್ಪಿ ಆರ್ಥರ್ ಬಾಲ್ಡ್ವಿನ್ಸನ್ ಅವರಿಂದ ಬಣ್ಣದ ಚಿತ್ರ ಬರೆಸಿದರು. ಕಟ್ಟಡವನ್ನು ಕಲ್ಪಿಸಿದವರು ಒಬ್ಬರು, ಜನರ ಮನಸ್ಸಿನಲ್ಲಿ ಅದನ್ನು ಮೂಡಿಸಿದ ಚಿತ್ರ ಬರೆದವರು ಮತ್ತೊಬ್ಬರು.

ಅಂದಾಜು ವೆಚ್ಚ 35 ಲಕ್ಷ ಪೌಂಡು, ಅಂದರೆ ಮುಂದೆ ಬಂದ ಆಸ್ಟ್ರೇಲಿಯದ ಡಾಲರಿನಲ್ಲಿ 70 ಲಕ್ಷ. ಚಾವಣಿಯ ಆಕಾರ ಪೂರ್ತಿ ನಿಶ್ಚಯವಾಗದೆಯೇ 1959ರಲ್ಲಿ ಕೆಲಸ ಆರಂಭವಾಯಿತು. ಒಂದೇ ಗೋಳದ ಚೂರುಗಳಿಂದ ಎಲ್ಲ ಹಾಯಿಗಳನ್ನೂ ಮಾಡಬಹುದೆಂಬ ಉಪಾಯ ಹೊಳೆದದ್ದು 1961ರಲ್ಲಿ. ಸರ್ಕಾರದೊಂದಿಗೆ ಜಗಳವಾಗಿ ಉಟ್ಜಾನ್ 1966ರಲ್ಲಿ ಕೆಲಸ ಬಿಟ್ಟು ಹೋದರು. ಭವನ ಉದ್ಘಾಟನೆಯಾದದ್ದು 1973ರ ಅಕ್ಟೋಬರ್ 20ರಂದು, ಒಟ್ಟು 10 ಕೋಟಿ 20 ಲಕ್ಷ ಡಾಲರ್ ವೆಚ್ಚದಲ್ಲಿ. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡವನ್ನು ಪೂರ್ತಿಯಾದ ಮೇಲೆ ಒಮ್ಮೆಯೂ ಕಣ್ಣಾರೆ ನೋಡದೆ ಉಟ್ಜಾನ್ 2008ರಲ್ಲಿ ತೀರಿಕೊಂಡರು.

ಎಲ್ಲ ಲೆಕ್ಕವನ್ನೂ ಮೊದಲೇ ತೋರಿಸಬೇಕೆಂದು ಪಟ್ಟು ಹಿಡಿದಿದ್ದರೆ ಸಿಡ್ನಿಗೆ ಆ ಭವನ ದಕ್ಕುತ್ತಿರಲಿಲ್ಲ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಫ್ಲಾರೆನ್ಸಿನವರ ಹಳೆಯ ಮಾದರಿಯ ಕತೆಯೇ ಇಲ್ಲಿ ಮರುಕಳಿಸಿದೆ. ಆಕಾರವನ್ನು ತೋರಿಸಿ ಒಪ್ಪಿಗೆ ಪಡೆದು, ಉಪಾಯವನ್ನು ಆಮೇಲೆ ಹುಡುಕಿದರು. ಅಲ್ಲಿ ಕಾಯುವುದರಲ್ಲಿ ಕಾಲ ಕಳೆಯಿತು. ಇಲ್ಲಿ ಹಣವೂ ಒಬ್ಬ ದೊಡ್ಡ ಕಲಾವಿದನ ನೆಮ್ಮದಿಯೂ ಹೋಯಿತು.

ಯಾರ ಕಣ್ಣಿನಿಂದ?

ಈಗ ಕಂಪ್ಯೂಟರು ಎಲ್ಲ ಹಳೆಯ ರೀತಿಗಳನ್ನೂ ಒಟ್ಟಿಗೆ ನುಂಗಿಕೊಂಡಿದೆ. ಕಟ್ಟದ ಮನೆಯೊಳಗೆ ನಡೆದಾಡುವ ಚಲಿಸುವ ಚಿತ್ರ, ಕಣ್ಣಿಗೆ ಕಟ್ಟಿಕೊಳ್ಳುವ ಸಾಧನ, ಯಂತ್ರವೇ ಪದರ ಪದರವಾಗಿ ಮುದ್ರಿಸುವ ಮಾದರಿ ಎಲ್ಲವೂ ಬಂದಿವೆ. ಬೆಂಗಳೂರಿನ ಹೊರವಲಯದಲ್ಲಿ ಹೋಗುವಾಗ ರಸ್ತೆಯ ಪಕ್ಕದ ದೊಡ್ಡ ಫಲಕಗಳನ್ನು ನೋಡಿ. ಇನ್ನೂ ಪಾಯ ತೋಡದ ಬಹುಮಹಡಿ ಕಟ್ಟಡ ಸಂಜೆಯ ಬೆಳಕಿನಲ್ಲಿ ಹೊಳೆಯುತ್ತಿರುತ್ತದೆ. ಸುತ್ತ ಬೆಳೆದ ಮರಗಳು, ಖಾಲಿ ರಸ್ತೆ, ನಗುವ ಮಕ್ಕಳು. ಪಕ್ಕದ ಕಟ್ಟಡ, ನೀರಿನ ಟ್ಯಾಂಕರು, ವಿದ್ಯುತ್ ಕಂಬ, ರಾಜಕಾಲುವೆ ಯಾವುದೂ ಚಿತ್ರದಲ್ಲಿ ಇರುವುದಿಲ್ಲ. ರೆಪ್ಟನ್ನನ ಮಡಿಕೆ ಇಲ್ಲಿ ಮುಚ್ಚಿಕೊಳ್ಳುವುದೇ ಇಲ್ಲ. ‘ನಂತರ’ ಮಾತ್ರ ಇದೆ, ‘ಮೊದಲು’ ಕಾಣೆಯಾಗಿದೆ.

ಇದು ಮಧ್ಯಮ ವರ್ಗದ ಒಂದು ಸಂಸಾರದ ಜೀವಮಾನದ ಉಳಿತಾಯದ ಪ್ರಶ್ನೆ. ಕಾನೂನಿಗೂ ಇದು ತಡವಾಗಿ ಅರ್ಥವಾಯಿತು. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ, ತನ್ನ 12ನೇ ಸೆಕ್ಷನ್ನಿನಲ್ಲಿ ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟವರಿಗೆ ಅದರಲ್ಲಿದ್ದ ಸುಳ್ಳಿನಿಂದ ನಷ್ಟವಾದರೆ ಪರಿಹಾರ ಕೊಡಬೇಕೆಂದು ಹೇಳುತ್ತದೆ. ಮಂಜೂರಾದ ಒಟ್ಟು ನಕ್ಷೆಯನ್ನು ಬದಲಿಸಲು ಕೊಂಡವರ ಪೈಕಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕೆಂದೂ ಅದೇ ಕಾಯ್ದೆ ವಿಧಿಸುತ್ತದೆ. ತೋರಿಸಿದ್ದು ಒಂದು ಬಗೆಯ ವಾಗ್ದಾನ ಎಂಬ ಮಾತಿಗೆ ಹೀಗೆ ಕಾನೂನಿನ ಬಲ ಬಂದಿದೆ. ಮಾದರಿಯ ಮುಂದೆ ಪ್ರಮಾಣ ಮಾಡಿಸುತ್ತಿದ್ದ ಫ್ಲಾರೆನ್ಸಿನವರು ಆರೂವರೆ ಶತಮಾನಗಳ ಹಿಂದೆಯೇ ಹಿಡಿದಿದ್ದ ದಾರಿ ಇದು.

ಸ್ವಂತದ ಮನೆಗೆ ಈ ರಕ್ಷಣೆ ಇದೆ. ಊರಿನ ಮೇಲ್ಸೇತುವೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ವಿಷಯದಲ್ಲಿ ನಾಗರಿಕರು ನೋಡುವುದು ಹೆಚ್ಚಾಗಿ ಪತ್ರಿಕೆಯಲ್ಲಿ ಬರುವ ಒಂದು ಬಣ್ಣದ ಚಿತ್ರವನ್ನು ಮಾತ್ರ. ನಗರದ ಕರಡು ಯೋಜನೆಗೆ ಆಕ್ಷೇಪಣೆ ಕರೆದಾಗಲೂ ನಕ್ಷೆ ಓದಬಲ್ಲವರಷ್ಟೇ ಆಕ್ಷೇಪಿಸಬಲ್ಲರು. ಚಿತ್ರ ಸುಂದರವಾಗಿದೆಯೇ ಎಂದು ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಇದನ್ನು ಯಾರ ಕಣ್ಣಿನ ಎತ್ತರದಿಂದ ಬರೆದಿದ್ದಾರೆ? ಪಕ್ಕದಲ್ಲಿ ಈಗ ಇರುವುದು ಚಿತ್ರದಲ್ಲಿ ಇದೆಯೇ? ಕೊಯ್ದು ತೋರಿಸಿದರೆ ಒಳಗೆ ಹೇಗಿದೆ? ಇದು ಆಕಾರವೋ, ಕಟ್ಟಬಲ್ಲೆವೆಂಬುದಕ್ಕೆ ಪುರಾವೆಯೋ?

ಇಷ್ಟೆಲ್ಲ ಕೇಳುವುದಕ್ಕೆ ವಾಸ್ತುಶಿಲ್ಪ ಓದಿರಬೇಕಾಗಿಲ್ಲ. ಅಡುಗೆಮನೆಗೆ ಬಿಸಿಲು ಬರುತ್ತದೆಯೇ ಎಂದು ಕೇಳಿದ ಆ ಮನೆಯಾಕೆ ಕೇಳಿದ್ದೂ ಇದನ್ನೇ. ಮನಸ್ಸಿಗೆ ಒಪ್ಪುವ ಉತ್ತರ ಹಾಳೆಯಲ್ಲಿ ಸಿಗದಿದ್ದರೆ ಹಳೆಯ ಉಪಾಯ ಇದ್ದೇ ಇದೆ. ಮೇಸ್ತ್ರಿಯನ್ನು ಕರೆಸಿ, ಗೂಟ ಹೊಡೆಸಿ, ದಾರ ಕಟ್ಟಿಸಿ, ಸುಣ್ಣದ ಗೆರೆಗಳ ನಡುವೆ ಒಮ್ಮೆ ನಿಂತು ನೋಡುವುದು.